ಯಾವ ಹೆರಾಲ್ಡ್?

ಎಂಜಿನಿಯರಿಂಗ್ ಕಾಲೇಜುಗಳ ಪ್ರಾಜೆಕ್ಟ್ ಪ್ರದರ್ಶನಕ್ಕೆ ಹೋಗಿ ಬಂದವರಿಗೆ ಈ ನೋಟ ಹೊಸದಲ್ಲ. ತುಮಕೂರಿರಲಿ, ಗುಬ್ಬಿಯಿರಲಿ, ಮೇಜಿನ ಮೇಲೊಂದು ಆರ್ಡುಯಿನೊ ಬೋರ್ಡು, ಅದಕ್ಕೆ ನಾಲ್ಕು ತಂತಿಗಳಲ್ಲಿ ಜೋಡಿಸಿದ ಬೆರಳುದ್ದದ ಬ್ಲೂಟೂತ್ ಮಾಡ್ಯೂಲು, ಅದರ ಆಣತಿಯಂತೆ ಓಡುವ ಪುಟ್ಟ ಗಾಡಿ ಅಥವಾ ಹೊತ್ತಿ ಆರುವ ದೀಪ. ವಿದ್ಯಾರ್ಥಿ ತನ್ನ ಮೊಬೈಲಿನಲ್ಲಿ ಹತ್ತಿರದ ಸಾಧನಗಳನ್ನು ಹುಡುಕಿದಾಗ ಪರದೆಯ ಮೇಲೆ ಸಾಲಾಗಿ ಮೂಡುವುದು ಒಂದೇ ಹೆಸರು: ಎಚ್‌ಸಿ-05, ಎಚ್‌ಸಿ-05, ಎಚ್‌ಸಿ-05. ಕಾರ್ಖಾನೆಯಲ್ಲಿ ಇಟ್ಟು ಕಳಿಸಿದ ಹೆಸರು ಅದು. ಅಕ್ಕಪಕ್ಕದ ಮೇಜುಗಳ ಮೇಲಿರುವ ಮಾಡ್ಯೂಲುಗಳಿಗೂ ಅದೇ ಹೆಸರು. ತನ್ನದು ಯಾವುದೆಂದು ತಿಳಿಯದೆ ಆತ ಒಂದನ್ನು ಒತ್ತುತ್ತಾನೆ. ಎದುರು ಮೇಜಿನ ಗಾಡಿ ಓಡುತ್ತದೆ.

ನಗು ತರಿಸುವ ಪ್ರಸಂಗವೇ ಸರಿ. ಆದರೆ ಯಾವ ದೊರೆಯ ಅಡ್ಡಹೆಸರನ್ನು ಈ ತಂತ್ರಜ್ಞಾನ ಹೊತ್ತುಕೊಂಡಿದೆಯೋ ಆ ದೊರೆಯ ಬದುಕಿನ ತೊಡಕೂ ಇಂಥದೇ ಆಗಿತ್ತು. ಹತ್ತನೆಯ ಶತಮಾನದ ಉತ್ತರ ಯುರೋಪಿನಲ್ಲಿ ಹೆರಾಲ್ಡ್ ಎಂಬ ಹೆಸರಿನವರಿಗೆ ಬರವಿರಲಿಲ್ಲ. ನಾರ್ವೆಯಲ್ಲೊಬ್ಬ ಹೆರಾಲ್ಡ್, ಮನೆಯೊಳಗೆ ಅಣ್ಣನ ಮಗನೇ ಇನ್ನೊಬ್ಬ ಹೆರಾಲ್ಡ್, ಹಿಂದಿನ ತಲೆಮಾರಿನಲ್ಲಿ ಸುಂದರಕೇಶಿಯೆಂದು ಹೆಸರಾದ ಮತ್ತೊಬ್ಬ ಹೆರಾಲ್ಡ್. ಇವರ ನಡುವೆ ತಾನು ಯಾವ ಹೆರಾಲ್ಡ್ ಎಂಬುದನ್ನು ಜಗತ್ತಿಗೆ ತಿಳಿಸಲು ಡೆನ್ಮಾರ್ಕಿನ ಈ ದೊರೆ ಸುಮಾರು ಹತ್ತು ಟನ್ ತೂಕದ ಬಂಡೆಯೊಂದನ್ನು ಆರಿಸಿಕೊಂಡ.

ಅವನು ಹುಟ್ಟಿದ ವರ್ಷ ಯಾವ ದಾಖಲೆಯಲ್ಲೂ ಇಲ್ಲ. ತಂದೆ ಗೋರ್ಮ್, ಇತಿಹಾಸದಲ್ಲಿ ವೃದ್ಧ ಗೋರ್ಮ್ ಎಂದೇ ಪ್ರಸಿದ್ಧ. ತಾಯಿ ಥೀರಾ. ಅವರ ನೆಲೆ ಜಟ್ಲಂಡ್ ಪರ್ಯಾಯದ್ವೀಪದ ಯೆಲ್ಲಿಂಗ್ ಎಂಬ ಊರು. ಹೆಂಡತಿ ತೀರಿಕೊಂಡಾಗ ಗೋರ್ಮ್ ಅಲ್ಲಿ ಒಂದು ಸಣ್ಣ ಶಿಲಾಶಾಸನ ನಿಲ್ಲಿಸಿದ. ಡೆನ್ಮಾರ್ಕ್ ಎಂಬ ದೇಶನಾಮ ಆ ದೇಶದ ನೆಲದಲ್ಲಿ ಬರಹಕ್ಕೆ ಇಳಿದ ಅತಿ ಹಳೆಯ ಉದಾಹರಣೆ ಆ ಕಲ್ಲೇ. ಒಬ್ಬ ಗಂಡ ತನ್ನ ಹೆಂಡತಿಯ ನೆನಪಿಗೆ ಬರೆಸಿದ ಕೆಲವೇ ಪದಗಳಲ್ಲಿ ಒಂದು ದೇಶದ ಹೆಸರು ಉಳಿದುಬಂತು. ಗೋರ್ಮ್ ಸತ್ತದ್ದು 958ರ ಸುಮಾರಿಗೆ. ಯೆಲ್ಲಿಂಗಿನ ಉತ್ತರದ ದಿಬ್ಬದೊಳಗಿನ ಶವಕೋಣೆಯ ಮರದ ತೊಲೆಗಳ ಬೆಳವಣಿಗೆಯ ಉಂಗುರಗಳನ್ನು ಎಣಿಸಿ ತಜ್ಞರು ಈ ಕಾಲವನ್ನು ಗೊತ್ತುಮಾಡಿದ್ದಾರೆ. ಅಲ್ಲಿಂದಾಚೆಗೆ ಹೆರಾಲ್ಡನ ಆಳ್ವಿಕೆ.

ಆ ಹೊತ್ತಿಗೆ ನಮ್ಮಲ್ಲಿ ಏನು ನಡೆದಿತ್ತು? ರಾಷ್ಟ್ರಕೂಟರ ಮೂರನೆಯ ಕೃಷ್ಣ ಇನ್ನೂ ಆಳುತ್ತಿದ್ದ. ಪಂಪ ತನ್ನ ಭಾರತವನ್ನು ಮುಗಿಸಿ ಹದಿನೇಳು ವರ್ಷಗಳಾಗಿದ್ದವು. ಇಂದಿನ ತುಮಕೂರು, ಗುಬ್ಬಿ, ಕುಣಿಗಲ್ ಸೀಮೆ ಗಂಗರ ನಾಡಿಗೆ ಸೇರಿತ್ತು. ಹೆರಾಲ್ಡನ ಆಳ್ವಿಕೆಯ ಅರ್ಧ ಹಾದಿಯಲ್ಲಿ, 973ರಲ್ಲಿ, ರಾಷ್ಟ್ರಕೂಟ ಸಾಮ್ರಾಜ್ಯ ಕುಸಿದು ಚಾಲುಕ್ಯ ತೈಲಪ ತಲೆಯೆತ್ತಿದ. ಕಲ್ಲಿನ ಮೇಲೆ ತಮ್ಮ ಹೆಸರು, ತಮ್ಮ ಗೆಲವು, ತಮ್ಮ ದಾನ ಬರೆಸುವುದು ಇಲ್ಲಿಯ ದೊರೆಗಳಿಗೆ ಆಗಲೇ ಹಲವು ಶತಮಾನಗಳ ರೂಢಿ. ಉತ್ತರ ಸಮುದ್ರದ ತೀರದಲ್ಲಿದ್ದ ಹೆರಾಲ್ಡನಿಗೆ ಇವರ ಸುದ್ದಿ ಮುಟ್ಟಿರಲಾರದು. ಆದರೂ ಅವನು ಮಾಡಿದ್ದು ಅದನ್ನೇ.

ಯೆಲ್ಲಿಂಗಿನ ದೊಡ್ಡ ಕಲ್ಲು ಆಳೆತ್ತರವನ್ನೂ ಮೀರಿದ್ದು, ಮೂರು ಮುಖಗಳುಳ್ಳದ್ದು. ಒಂದು ಮುಖದಲ್ಲಿ ಬರಹ, ಇನ್ನೊಂದರಲ್ಲಿ ಹಾವು ಸುತ್ತಿಕೊಂಡ ಮೃಗ, ಮೂರನೆಯದರಲ್ಲಿ ಬಳ್ಳಿಗಳ ಹೆಣಿಗೆಯೊಳಗೆ ಕೈಚಾಚಿ ನಿಂತ ಕ್ರಿಸ್ತ. ಬರಹದ ತಾತ್ಪರ್ಯವಿಷ್ಟು: ಈ ಸ್ಮಾರಕಗಳನ್ನು ಹೆರಾಲ್ಡ್ ದೊರೆ ತನ್ನ ತಂದೆ ಗೋರ್ಮ್ ಮತ್ತು ತಾಯಿ ಥೀರಾ ಅವರ ನೆನಪಿಗೆ ಮಾಡಿಸಿದ, ಇಡೀ ಡೆನ್ಮಾರ್ಕನ್ನೂ ನಾರ್ವೆಯನ್ನೂ ಗೆದ್ದು ಡೇನರನ್ನು ಕ್ರೈಸ್ತರನ್ನಾಗಿಸಿದ ಆ ಹೆರಾಲ್ಡನೇ ಈತ. ಇಲ್ಲಿ ಗಮನಿಸಬೇಕಾದ ಪದ ಆ ಎಂಬುದು. ಹೆಸರು ಹೇಳಿ ಸುಮ್ಮನಾಗದೆ, ಯಾವ ಹೆರಾಲ್ಡ್ ಎಂಬ ಪ್ರಶ್ನೆಗೂ ಕಲ್ಲು ಉತ್ತರಿಸುತ್ತದೆ. ತಂದೆ ತಾಯಿ ಯಾರು, ಮಾಡಿದ್ದೇನು, ಆಳಿದ್ದೆಲ್ಲಿ. ತಂದೆ ತಾಯಿಯ ಸ್ಮಾರಕವೆಂದು ಶುರುವಾದ ಶಾಸನ ಮುಗಿಯುವುದು ಮಗನ ಪ್ರತಾಪದಲ್ಲಿ. ಶಾಸನಗಳನ್ನು ಓದಿ ಪಳಗಿದ ಕನ್ನಡಿಗರಿಗೆ ಇದೇನೂ ಆಶ್ಚರ್ಯವಲ್ಲ. ಡೇನರು ಈ ಕಲ್ಲನ್ನು ತಮ್ಮ ದೇಶದ ಜನನಪತ್ರವೆಂದೇ ಬಗೆಯುತ್ತಾರೆ. 1994ರಲ್ಲಿ ಯುನೆಸ್ಕೊ ಅದನ್ನು ವಿಶ್ವಪರಂಪರೆಯ ಪಟ್ಟಿಗೆ ಸೇರಿಸಿತು. 2011ರಲ್ಲಿ ಕಿಡಿಗೇಡಿಗಳು ಅದರ ಮೇಲೆ ಹಸಿರು ಬಣ್ಣ ಎರಚಿದರು. ಅದೇ ವರ್ಷ ಕಲ್ಲುಗಳನ್ನು ಗಾಜಿನ ಮನೆಯೊಳಗೆ ಇರಿಸಲಾಯಿತು.

ಕಲ್ಲು ಹೇಳಿದ್ದೆಲ್ಲ ನಿಜವೇ? ಡೇನರನ್ನು ಕ್ರೈಸ್ತರನ್ನಾಗಿಸಿದ ಮಾತಿಗೆ ಆಧಾರವಿದೆ. 960ರ ದಶಕದ ನಡುವಿನಲ್ಲಿ ಹೆರಾಲ್ಡ್ ದೀಕ್ಷಾಸ್ನಾನ ಪಡೆದ. ಅದೇ ಕಾಲದ ಜರ್ಮನ್ ಚರಿತ್ರಕಾರ ವಿಡುಕಿಂಡ್ ಹೇಳುವ ಕಥೆಯಲ್ಲಿ ಪೊಪ್ಪೊ ಎಂಬ ಪಾದ್ರಿ ಕಾದ ಕಬ್ಬಿಣವನ್ನು ಬರಿಗೈಯಲ್ಲಿ ಹಿಡಿದು, ಸುಡದ ಅಂಗೈಯನ್ನು ತೋರಿಸಿ ದೊರೆಯನ್ನು ಒಪ್ಪಿಸಿದ. ನಮ್ಮ ಪುರಾಣಗಳಲ್ಲಿ ದಿವ್ಯಪರೀಕ್ಷೆಗಳ ಕಥೆ ಕೇಳಿ ಬೆಳೆದವರಿಗೆ ಇದು ಪರಿಚಿತ ಬಗೆಯೇ. ಆದರೆ ಕಬ್ಬಿಣಕ್ಕಿಂತ ಬಿಸಿಯಾದ ಇನ್ನೊಂದು ಕಾರಣವೂ ಕಣ್ಣೆದುರಿಗಿತ್ತು. ದಕ್ಷಿಣದ ಗಡಿಯಾಚೆ ಜರ್ಮನ್ ಚಕ್ರವರ್ತಿ ಒಟ್ಟೊ ಇದ್ದ; ಅನ್ಯಧರ್ಮೀಯ ನೆರೆಯವನ ಮೇಲೆ ಏರಿಹೋಗುವುದಕ್ಕೆ ಧರ್ಮಪ್ರಸಾರಕ್ಕಿಂತ ಒಳ್ಳೆಯ ನೆಪ ಅವನಿಗೆ ಬೇಕಿರಲಿಲ್ಲ. ಧರ್ಮವನ್ನು ತಾನಾಗಿ ಬರಮಾಡಿಕೊಂಡ ದೊರೆ ಆ ನೆಪವನ್ನು ಕಸಿದುಕೊಂಡ. ಭಕ್ತಿ ಎಷ್ಟು, ರಾಜಕಾರಣ ಎಷ್ಟು ಎಂದು ತೂಗಿ ಹೇಳುವ ತಕ್ಕಡಿ ಯಾರ ಬಳಿಯೂ ಇಲ್ಲ. ಒಟ್ಟೊ ಸತ್ತ ಮರುವರ್ಷ, 974ರಲ್ಲಿ, ಅವನ ಮಗ ಎರಡನೆಯ ಒಟ್ಟೊನೊಡನೆ ಯುದ್ಧವಾಗಿ ಹೆರಾಲ್ಡ್ ಗಡಿಯ ಕೋಟೆಯನ್ನು ಕಳೆದುಕೊಂಡ. ಕಳೆದುಕೊಂಡದ್ದನ್ನು 983ರಲ್ಲಿ ಮರಳಿ ಗಳಿಸಿದ.

ನಾರ್ವೆಯನ್ನು ಗೆದ್ದ ಮಾತು ಮಾತ್ರ ಸ್ವಲ್ಪ ಉಬ್ಬಿಸಿದ್ದು. ಅಲ್ಲಿ ಬೂದುಬಣ್ಣದ ಮೇಲಂಗಿಯ ಹೆರಾಲ್ಡ್ ಎಂಬ ದೊರೆಯಿದ್ದ. ನಮ್ಮ ಹೆರಾಲ್ಡನ ಅಣ್ಣನ ಮಗ ಚಿನ್ನದ ಹೆರಾಲ್ಡ್ ಸಿಂಹಾಸನದಲ್ಲಿ ಪಾಲು ಕೇಳುತ್ತಿದ್ದ. ಐಸ್‌ಲ್ಯಾಂಡಿನ ಸಾಗಾ ಕಥೆಗಳ ಪ್ರಕಾರ 970ರ ಸುಮಾರಿಗೆ ಚಿನ್ನದ ಹೆರಾಲ್ಡ್ ಬೂದುಅಂಗಿಯ ಹೆರಾಲ್ಡನನ್ನು ಕೊಂದ. ಅವನನ್ನು ಹಾಕೋನ್ ಎಂಬ ನಾರ್ವೆಯ ಸರದಾರ ಮುಗಿಸಿದ. ಈ ಎರಡೂ ಸಾವುಗಳ ಹಿಂದೆ ಡೆನ್ಮಾರ್ಕಿನ ಹೆರಾಲ್ಡನ ಸಮ್ಮತಿಯಿತ್ತು. ಹೆಸರಿನ ಪೈಪೋಟಿ ಹೀಗೆ ರಕ್ತದಲ್ಲಿ ಬಗೆಹರಿಯಿತು. ಸ್ವಲ್ಪ ಕಾಲದಲ್ಲಿಯೇ ಹಾಕೋನ್ ಕಪ್ಪ ಕೊಡುವುದನ್ನು ನಿಲ್ಲಿಸಿದ. ಕಲ್ಲಿನಲ್ಲಿ ಮಾತ್ರ ನಾರ್ವೆ ಇಂದಿಗೂ ಹೆರಾಲ್ಡನದೇ.

ದೊರೆಯಾಗಿ ಅವನ ನಿಜವಾದ ಕೈಗುರುತು ಕಾಣುವುದು ಕಟ್ಟೋಣದಲ್ಲಿ. 970ರ ದಶಕದ ಕೊನೆಯಿಂದ ಆರೇಳು ವರ್ಷಗಳಲ್ಲಿ ದೇಶದ ಹಲವೆಡೆ ದುಂಡನೆಯ ಕೋಟೆಗಳು ಎದ್ದವು: ಟ್ರೆಲ್ಲೆಬೋರ್ಗ್, ಫಿರ್ಕಾಟ್, ಆಗ್ಗರ್ಸ್‌ಬೋರ್ಗ್ ಮುಂತಾದವು. ಕೈವಾರದಿಂದ ಗೆರೆ ಎಳೆದಂಥ ನಿಖರ ವೃತ್ತ, ನಾಲ್ಕು ದಿಕ್ಕಿಗೆ ನಾಲ್ಕು ಬಾಗಿಲು, ಒಳಗೆ ಒಂದೇ ಅಳತೆಯ ಉದ್ದನೆಯ ಮನೆಗಳು. ಒಬ್ಬನೇ ಯಜಮಾನ, ಒಂದೇ ನಕ್ಷೆ. 2023ರಲ್ಲಿ ಈ ಕೋಟೆಗಳೂ ವಿಶ್ವಪರಂಪರೆಯ ಪಟ್ಟಿಗೆ ಸೇರಿದವು. ಯೆಲ್ಲಿಂಗಿಗೆ ಹತ್ತು ಕಿಲೋಮೀಟರ್ ದಕ್ಷಿಣಕ್ಕೆ, ರಾವ್ನಿಂಗ್ ಎಂಬಲ್ಲಿ, ಜೌಗುನೆಲದ ಮೇಲೆ ಸುಮಾರು 760 ಮೀಟರ್ ಉದ್ದ, ಐದು ಮೀಟರ್ ಅಗಲದ ಓಕ್ ಮರದ ಸೇತುವೆಯನ್ನು ಹಾಕಿಸಿದ. ಅದರ ಬಗ್ಗೆ ಪುರಾತತ್ವಜ್ಞರು ಕಂಡುಕೊಂಡ ಒಂದು ಸಂಗತಿ ಮನಸ್ಸಿನಲ್ಲಿ ಉಳಿಯುತ್ತದೆ: ಅದನ್ನು ಯಾರೂ ಒಮ್ಮೆಯಾದರೂ ದುರಸ್ತಿ ಮಾಡಿದ ಗುರುತಿಲ್ಲ. ಕೆಲವೇ ವರ್ಷ ಬಳಕೆಯಾಗಿ ಅದು ಕೊಳೆತುಹೋಯಿತು. ಕಟ್ಟಿಸಿದವನು ಹೋದ ಮೇಲೆ ಅದರ ಅಗತ್ಯ ಯಾರಿಗೂ ಕಂಡಿರಲಿಲ್ಲ.

ಮರ ಕಡಿದು, ಮಣ್ಣು ಹೊತ್ತು, ತೆರಿಗೆ ತೆತ್ತು ಪ್ರಜೆಗಳು ಬೇಸತ್ತಿರಬೇಕು. ದಂಗೆ ಎದ್ದದ್ದು ಮನೆಯೊಳಗಿಂದಲೇ. ಮಗ ಸ್ವೇನ್ ತಂದೆಯ ಮೇಲೆ ತಿರುಗಿಬಿದ್ದ. 986ರ ಸುಮಾರಿನಲ್ಲಿ ನಡೆದ ಕಾಳಗದಲ್ಲಿ ಗಾಯಗೊಂಡ ಮುದಿ ದೊರೆ ಹಡಗು ಹತ್ತಿ ಬಾಲ್ಟಿಕ್ ತೀರದ ಸ್ಲಾವರ ಊರಿಗೆ ಓಡಿಹೋಗಿ ಅಲ್ಲಿ ಪ್ರಾಣಬಿಟ್ಟ. ಅವನ ಶವವನ್ನು ಹಿಂದಕ್ಕೆ ತಂದು, ಅವನೇ ಕಟ್ಟಿಸಿದ್ದ ರೋಸ್ಕಿಲ್ಡೆಯ ಚರ್ಚಿನಲ್ಲಿ ಹೂಳಿದರೆಂದು ಸುಮಾರು 90 ವರ್ಷಗಳ ಅನಂತರ ಬರೆದ ಬ್ರೆಮೆನ್ನಿನ ಆಡಮ್ ಹೇಳುತ್ತಾನೆ. ಸತ್ತ ದಿನವನ್ನೂ ಅವನು ಕೊಡುತ್ತಾನೆ: ಸಕಲ ಸಂತರ ಹಬ್ಬ, ಅಂದರೆ ನವೆಂಬರ್ 1. ತಂದೆಯನ್ನು ಓಡಿಸಿದ ಸ್ವೇನ್ ಮುಂದೆ 1013ರಲ್ಲಿ ಇಂಗ್ಲೆಂಡನ್ನೇ ಗೆದ್ದ. ಅವನ ಮಗ ಕ್ನೂಟ್ ಇನ್ನೂ ದೊಡ್ಡ ಹೆಸರು ಮಾಡಿದ. ಹೆರಾಲ್ಡ್ ಆ ಇಬ್ಬರ ನೆರಳಿನಲ್ಲಿ ಮರೆಯಾದ.

ಇಷ್ಟರಲ್ಲಿ ಎಲ್ಲಿಯೂ ನೀಲಿ ಹಲ್ಲು ಬರಲಿಲ್ಲ. ಕಾರಣ ಸರಳ. ಅವನ ಕಾಲದ ಯಾವ ಬರಹದಲ್ಲೂ ಆ ಅಡ್ಡಹೆಸರಿಲ್ಲ. ಕಲ್ಲಿನಲ್ಲಿಲ್ಲ, ವಿಡುಕಿಂಡನಲ್ಲಿಲ್ಲ, ಆಡಮನಲ್ಲೂ ಇಲ್ಲ. ಅದು ಕಾಣಿಸಿಕೊಳ್ಳುವುದು 12ನೆಯ ಶತಮಾನದ ನಡುವಿನಲ್ಲಿ ಬರೆದ ರೋಸ್ಕಿಲ್ಡೆಯ ವೃತ್ತಾಂತದಲ್ಲಿ, ಅವನು ಸತ್ತು ಒಂದೂವರೆ ಶತಮಾನ ಕಳೆದ ಮೇಲೆ. ಹಳೆಯ ನಾರ್ಡಿಕ್ ಭಾಷೆಯಲ್ಲಿ ಆ ಪದಕ್ಕೆ ನೀಲಿಯೆಂಬಂತೆ ಕಪ್ಪು ಎಂಬ ಅರ್ಥವೂ ಇತ್ತು. ಸತ್ತು ಕಪ್ಪಗಾದ ಹಲ್ಲೊಂದು ಬಾಯಲ್ಲಿ ಎದ್ದು ಕಾಣುತ್ತಿದ್ದಿರಬಹುದು ಎಂಬುದು ಸಾಮಾನ್ಯವಾದ ವಿವರಣೆ. ನೇರಳೆ ಬಣ್ಣದ ಹಣ್ಣು ತಿಂದು ಹಲ್ಲು ನೀಲಿಯಾಗಿತ್ತೆಂಬ ಕಥೆ ಮಕ್ಕಳಿಗೆ ಹೇಳುವಂಥದು. ಅಂತೂ ತನ್ನ ಗುರುತನ್ನು ಬಂಡೆಯಲ್ಲಿ ಕೊರೆಸಿದ ದೊರೆಯನ್ನು ಜಗತ್ತು ಇಂದು ಕರೆಯುತ್ತಿರುವುದು, ಅವನ ಕಿವಿಗೆ ಬಿದ್ದಿತ್ತೋ ಇಲ್ಲವೋ ಎಂದು ಹೇಳಲಾಗದ ಹೆಸರಿನಿಂದ.

ಕುಣಿಗಲ್ಲಿನಿಂದ ಹಾಸನದ ಕಡೆಗೆ ಹೋಗುವ ಹೆದ್ದಾರಿಯಲ್ಲಿ ಹಿರೀಸಾವೆ ದಾಟಿ ಒಳಹೊಕ್ಕರೆ ಸಿಗುವ ಶ್ರವಣಬೆಳಗೊಳದಲ್ಲಿ ಇದಕ್ಕೊಂದು ಜೋಡಿಯಿದೆ. ಹೆರಾಲ್ಡನ ಕೊನೆಯ ವರ್ಷಗಳಲ್ಲೇ, 981ರ ಸುಮಾರಿಗೆ, ಗಂಗರ ಮಂತ್ರಿ ಚಾವುಂಡರಾಯ ಬಾಹುಬಲಿಯ ವಿಗ್ರಹವನ್ನು ಅಲ್ಲಿ ಕಡೆಸಿದ. ಮಾಡಿಸಿದವನು ತಾನೆಂದು ಪಾದದ ಬಳಿ ಬರೆಸಿಯೂ ಬರೆಸಿದ. ಗೊಮ್ಮಟ ಎಂಬುದು ಚಾವುಂಡರಾಯನ ಮನೆಯ ಹೆಸರು, ಗೊಮ್ಮಟನ ಈಶ್ವರನಾದ್ದರಿಂದ ಬಾಹುಬಲಿ ಗೊಮ್ಮಟೇಶ್ವರನಾದ ಎಂದು ವಿದ್ವಾಂಸ ಎ. ಎನ್. ಉಪಾಧ್ಯೆ ವಾದಿಸಿದರು. ಆ ವಾದವನ್ನು ಒಪ್ಪುವುದಾದರೆ, ಒಂದೇ ಕಾಲದ ಇಬ್ಬರ ಸಲಿಗೆಯ ಹೆಸರುಗಳು ಅವರ ದೇಹ ಬಿಟ್ಟು ಬೇರೆ ವಸ್ತುಗಳಿಗೆ ಅಂಟಿಕೊಂಡು ಸಾವಿರ ವರ್ಷ ದಾಟಿ ಬಂದಿವೆ.

ಹೆರಾಲ್ಡನ ಹೆಸರು ಅಂಟಿಕೊಂಡ ಬಗೆ ಮಾತ್ರ ತೀರ ಆಕಸ್ಮಿಕ. ಸ್ವೀಡನ್ನಿನ ಲುಂಡ್ ನಗರದ ಎರಿಕ್ಸನ್ ಕಂಪನಿಯಲ್ಲಿ 1994ರಲ್ಲಿ ಯಾಪ್ ಹಾರ್ಟ್‌ಸೆನ್ ಎಂಬ ಡಚ್ ಎಂಜಿನಿಯರ್, ಸ್ವೆನ್ ಮ್ಯಾಟಿಸನ್ ಮೊದಲಾದವರೊಡಗೂಡಿ, ಮೊಬೈಲ್ ಮತ್ತಿತರ ಸಾಧನಗಳ ನಡುವಣ ತಂತಿಯನ್ನು ಕಿತ್ತುಹಾಕುವ ಅಲ್ಪದೂರದ ರೇಡಿಯೊ ತಂತ್ರವನ್ನು ರೂಪಿಸತೊಡಗಿದರು. ನೋಕಿಯಾ, ಇಂಟೆಲ್, ಐಬಿಎಂ, ತೋಷಿಬಾ ಕೈಜೋಡಿಸಿದವು. ಇಂಟೆಲ್ಲಿನ ಜಿಮ್ ಕಾರ್ಡಾಕ್ ವೈಕಿಂಗರ ಚರಿತ್ರೆಯನ್ನು ಓದುತ್ತಿದ್ದ ಕಾಲ. ಡೇನರನ್ನು ಒಂದುಗೂಡಿಸಿದ ದೊರೆಯ ಹೆಸರನ್ನು, ಬೇರೆ ಬೇರೆ ಕಂಪನಿಗಳ ಯಂತ್ರಗಳನ್ನು ಒಂದುಗೂಡಿಸುವ ಯೋಜನೆಗೆ ತಾತ್ಕಾಲಿಕವಾಗಿ ಇಡೋಣವೆಂದು ಸೂಚಿಸಿದ. ಸರಿಯಾದ ಹೆಸರನ್ನು ಆಮೇಲೆ ಮಾರುಕಟ್ಟೆಯವರು ಹುಡುಕುವುದೆಂದು ಮಾತಾಗಿತ್ತು. ಅವರು ಹುಡುಕಿದ ಹೆಸರುಗಳಲ್ಲಿ ಒಂದು ಆಗಲೇ ಎಲ್ಲೆಡೆ ಬಳಕೆಯಲ್ಲಿತ್ತು. ಇನ್ನೊಂದರ ಹಕ್ಕನ್ನು ಪರಿಶೀಲಿಸಲು ಸಮಯ ಸಾಲಲಿಲ್ಲ. 1998ರ ಮೇ ತಿಂಗಳಲ್ಲಿ ಒಕ್ಕೂಟದ ಘೋಷಣೆಯಾದಾಗ ತಾತ್ಕಾಲಿಕ ಹೆಸರೇ ಕಾಯಂ ಆಯಿತು. ಹೆರಾಲ್ಡನ ಹೆಸರಿನ ಮೊದಲಕ್ಷರ ಹ ಮತ್ತು ಅಡ್ಡಹೆಸರಿನ ಮೊದಲಕ್ಷರ ಬ, ಈ ಎರಡರ ಹಳೆಯ ರೂನ್ ಲಿಪಿಯ ರೂಪಗಳನ್ನು ಒಂದರ ಮೇಲೊಂದು ಹೊಂದಿಸಿದ್ದೇ ಇಂದು ಪ್ರತಿ ಮೊಬೈಲಿನಲ್ಲೂ ಕಾಣುವ ಚಿಹ್ನೆ. ಅಂದಹಾಗೆ, ಲುಂಡ್ ನಗರವಿರುವ ಸ್ಕೋನೆ ಪ್ರಾಂತ್ಯ 1658ರವರೆಗೆ ಡೆನ್ಮಾರ್ಕಿನದೇ ಆಗಿತ್ತು.

ಇನ್ನೂ ಒಂದು ಸ್ವಾರಸ್ಯವಿದೆ. ಆರ್ಡುಯಿನೊ ಎಂಬುದೂ ದೊರೆಯ ಹೆಸರೇ. 2005ರಲ್ಲಿ ಆ ಬೋರ್ಡು ರೂಪುಗೊಂಡ ಇಟಲಿಯ ಇವ್ರೆಯಾ ಪಟ್ಟಣದಲ್ಲಿ, ಅದನ್ನು ರೂಪಿಸಿದವರು ಕೂಡುತ್ತಿದ್ದ ಬಾರಿಗೆ ಆ ಊರಿನ ಆರ್ಡುಯಿನ್ ದೊರೆಯ ಹೆಸರಿತ್ತು. 1002ರಲ್ಲಿ ಇಟಲಿಯ ಕಿರೀಟ ಧರಿಸಿ, ಜರ್ಮನ್ ದೊರೆಯೆದುರು ಸೋತು, 1015ರಲ್ಲಿ ಸನ್ಯಾಸಿಗಳ ಮಠದಲ್ಲಿ ಕಣ್ಣುಮುಚ್ಚಿದವನು ಆತ. ಗುಬ್ಬಿಯ ಹುಡುಗಿಯೊಬ್ಬಳು ಬೋರ್ಡಿಗೆ ಮಾಡ್ಯೂಲನ್ನು ಸಿಕ್ಕಿಸಿದಾಗ, ರಾಜ್ಯ ಕಳೆದುಕೊಂಡ ಇಬ್ಬರು ದೊರೆಗಳನ್ನು ಅಂಗೈಯಲ್ಲಿ ಹಿಡಿದಿರುತ್ತಾಳೆ.

ಆ ಮಾಡ್ಯೂಲಿಗೆ ಸ್ವಂತ ಹೆಸರಿಡುವುದು ಐದು ನಿಮಿಷದ ಕೆಲಸ. ಎಚ್‌ಸಿ-05ರ ಸಣ್ಣ ಗುಂಡಿಯನ್ನು ಒತ್ತಿ ಹಿಡಿದು ವಿದ್ಯುತ್ ಕೊಟ್ಟರೆ ಅದರ ದೀಪ ಎರಡು ಸೆಕೆಂಡಿಗೊಮ್ಮೆ ನಿಧಾನವಾಗಿ ಮಿನುಗತೊಡಗುತ್ತದೆ; ಆಜ್ಞೆ ಕೇಳಲು ಸಿದ್ಧವೆಂದು ಅರ್ಥ. ಕಂಪ್ಯೂಟರಿನಿಂದ ಸೆಕೆಂಡಿಗೆ 38,400 ಬಿಟ್ ವೇಗದಲ್ಲಿ ಎಟಿ ಎಂದು ಕಳಿಸಿದರೆ ಓಕೆ ಎಂಬ ಉತ್ತರ ಬರಬೇಕು. ಬಂದ ಮೇಲೆ ಎಟಿ, ಕೂಡು ಚಿಹ್ನೆ, ನೇಮ್, ಸಮ ಚಿಹ್ನೆ, ಅದರ ಮುಂದೆ ಬೇಕಾದ ಹೆಸರು. ಎಚ್‌ಸಿ-06 ಎಂಬ ಅದರ ತಮ್ಮನಿಗೆ ವೇಗ 9,600. ಸಮ ಚಿಹ್ನೆ ಕೊಟ್ಟರೆ ಅದನ್ನೂ ಹೆಸರಿನ ಭಾಗವೆಂದೇ ತಿಳಿಯುತ್ತದೆ. ಇಎಸ್‌ಪಿ-32 ಬೋರ್ಡಿನಲ್ಲಾದರೆ ಹೆಸರು ಪ್ರೋಗ್ರಾಮಿನ ಒಂದು ಸಾಲಿನಲ್ಲೇ ಇರುತ್ತದೆ. ಇಷ್ಟಾದ ಮೇಲೂ ಮೊಬೈಲ್ ಹಳೆಯ ಹೆಸರನ್ನೇ ತೋರಿಸುತ್ತಿದ್ದರೆ ಗಾಬರಿ ಬೇಡ. ಒಮ್ಮೆ ಪರಿಚಯವಾದ ಸಾಧನದ ಹೆಸರನ್ನು ಅದು ನೆನಪಿಟ್ಟುಕೊಂಡಿರುತ್ತದೆ. ಹಳೆಯ ನಂಟನ್ನು ಅಳಿಸಿ ಹೊಸದಾಗಿ ಜೋಡಿಸಬೇಕು.

ಈ ಐದು ನಿಮಿಷವನ್ನು ಉಳಿಸುವವರೇ ಹೆಚ್ಚು. ಆಟದ ಗಾಡಿಯಾದರೆ ಪರವಾಗಿಲ್ಲ. ಗುಬ್ಬಿ ಸೀಮೆಯ ತೆಂಗಿನ ತೋಟದಲ್ಲಿ ಪಂಪ್‌ಸೆಟ್ಟಿನ ಸ್ಟಾರ್ಟರಿಗೆ ಇಂಥದೇ ಬೋರ್ಡನ್ನು ಅಳವಡಿಸಿದರೆ? ಹೆಸರು ಎಚ್‌ಸಿ-05, ಗುಪ್ತಸಂಖ್ಯೆ ಕಾರ್ಖಾನೆಯ 1234. ಪಕ್ಕದ ತೋಟದಲ್ಲೂ ಅದೇ. ಮೋಟಾರನ್ನು ಬಿಚ್ಚಿ ಒಬ್ಬರು ಕೈಯಿಟ್ಟಿರುವ ಹೊತ್ತಿಗೆ, ತನ್ನದೆಂದು ಭಾವಿಸಿ ನೆರೆಯವನು ಗುಂಡಿ ಒತ್ತಿದರೆ ಹೋಗುವುದು ಬೆರಳು. ಹೆಸರಿನ ಜೊತೆಗೆ ಸಂಖ್ಯೆಯನ್ನೂ ಬದಲಿಸಬೇಕಾದದ್ದು ಇದಕ್ಕಾಗಿ. ಪ್ರತಿ ಮಾಡ್ಯೂಲಿಗೂ 48 ಬಿಟ್‌ಗಳ ವಿಳಾಸವೊಂದು ಹುಟ್ಟಿನಿಂದಲೇ ಇರುತ್ತದೆ; ಯಂತ್ರಗಳು ಒಂದನ್ನೊಂದು ಗುರುತಿಸುವುದು ಅದರಿಂದಲೇ ಹೊರತು ಹೆಸರಿನಿಂದಲ್ಲ. ಹೆಸರು ಇರುವುದು ಮನುಷ್ಯರಿಗಾಗಿ. ಯಾರು ಬೇಕಾದರೂ ಯಾವ ಹೆಸರನ್ನಾದರೂ ಇಟ್ಟುಕೊಳ್ಳಬಹುದಾದ್ದರಿಂದ ಹೆಸರೊಂದನ್ನೇ ನಂಬುವಂತೆಯೂ ಇಲ್ಲ.

ಎಂಥ ಹೆಸರು ಇಡಬೇಕು ಎಂಬುದಕ್ಕೆ ನಮ್ಮಲ್ಲೇ ಮೇಲ್ಪಂಕ್ತಿಯಿದೆ. ಬಿ. ಎಲ್. ರೈಸ್ 1904ರಲ್ಲಿ ಎಪಿಗ್ರಾಫಿಯಾ ಕರ್ನಾಟಿಕದ ಹನ್ನೆರಡನೆಯ ಸಂಪುಟವಾಗಿ ತುಮಕೂರು ಜಿಲ್ಲೆಯ ಶಾಸನಗಳನ್ನು ಪ್ರಕಟಿಸಿದಾಗ ಪ್ರತಿ ಕಲ್ಲಿಗೂ ತಾಲ್ಲೂಕಿನ ಹೆಸರು ಮತ್ತು ಒಂದು ಕ್ರಮಸಂಖ್ಯೆ ಕೊಟ್ಟರು: ಗುಬ್ಬಿ 1, ಗುಬ್ಬಿ 2, ಕುಣಿಗಲ್ 1. ನೂರು ವರ್ಷ ಕಳೆದರೂ ಯಾವ ವಿದ್ವಾಂಸರಿಗೂ ಒಂದು ಕಲ್ಲು ಇನ್ನೊಂದಾಗಿ ಕಂಡಿಲ್ಲ. ಪ್ರಯೋಗಾಲಯದ ಮಾಡ್ಯೂಲುಗಳಿಗೂ ತೋಟದ ಸ್ಟಾರ್ಟರುಗಳಿಗೂ ಇದಕ್ಕಿಂತ ಹೆಚ್ಚಿನ ಜಾಣ್ಮೆ ಬೇಕಿಲ್ಲ.

ಆ ಹೆಸರನ್ನು ಕನ್ನಡದಲ್ಲೇ ಬರೆಯಬಹುದೇ? ಬ್ಲೂಟೂತಿನ ನಿಯಮ ಅಡ್ಡಿ ಮಾಡುವುದಿಲ್ಲ. ಹೆಸರು ಯೂನಿಕೋಡಿನ ಯುಟಿಎಫ್-8 ರೂಪದಲ್ಲಿರಬೇಕು, 248 ಬೈಟ್ ಮೀರಬಾರದು, ಅಷ್ಟೆ. ಇಂಗ್ಲಿಷ್ ಅಕ್ಷರಕ್ಕೆ ಒಂದು ಬೈಟ್ ಸಾಕು. ಕನ್ನಡದಲ್ಲಿ ವ್ಯಂಜನಕ್ಕೆ ಮೂರು, ಗುಣಿತದ ಚಿಹ್ನೆಗೆ ಮೂರು, ಒತ್ತಕ್ಷರಕ್ಕೆ ಮತ್ತೂ ಆರು. ಇಕ್ಕಟ್ಟಾಗುವುದು ಕಡಿಮೆ ವಿದ್ಯುತ್ತಿನ ಹೊಸ ಬಗೆಯ ಬ್ಲೂಟೂತಿನಲ್ಲಿ. ಅದು ತನ್ನ ಇರವನ್ನು ಸಾರುವ ಒಂದು ಪೊಟ್ಟಣದಲ್ಲಿ 31 ಬೈಟ್ ಮಾತ್ರ. ಕಡ್ಡಾಯದ ಗುರುತುಗಳಿಗೆ ಐದು ಹೋದರೆ ಹೆಸರಿಗೆ ಉಳಿಯುವುದು 26. ಮಿತಿಯೊಳಗೆ ಹೆಸರಿಡುವುದು ಕುಣಿಗಲ್ಲಿಗೆ ಹೊಸತಲ್ಲ. ಟಿಪ್ಪುವಿನ ಕಾಲದಿಂದ ಹೆಸರಾದ ಅಲ್ಲಿಯ ಕುದುರೆ ಫಾರಮ್ಮಿನಲ್ಲಿ ಹುಟ್ಟಿದ ಪಂದ್ಯದ ಕುದುರೆಗಳಿಗೂ ಅಂತರರಾಷ್ಟ್ರೀಯ ನಿಯಮದಂತೆ 18 ಅಕ್ಷರ ಮೀರದ ಹೆಸರೇ ಬೇಕು.

2014ರ ನವೆಂಬರ್ 1ರಂದು, ಅಂದರೆ ಹೆರಾಲ್ಡ್ ಸತ್ತ ದಿನವೆಂದು ಆಡಮ್ ಹೇಳುವ ತಾರೀಖಿನಂದೇ, ರಾಜ್ಯದ ಹನ್ನೆರಡು ನಗರಗಳ ಇಂಗ್ಲಿಷ್ ಹೆಸರು ಬದಲಾಗಿ ತುಮ್ಕೂರ್ ಎಂಬುದು ಅಲ್ಲಿಯೂ ತುಮಕೂರು ಆಯಿತು. ಕನ್ನಡದಲ್ಲಿ ಅದು ಯಾವತ್ತೂ ತುಮಕೂರೇ ಆಗಿತ್ತು. ಎಣಿಸಿ ನೋಡಿದರೆ ತುಮಕೂರು 21 ಬೈಟ್, ಗುಬ್ಬಿ 18, ಕುಣಿಗಲ್ 21. ಮೂರೂ ಹಿಡಿಸುತ್ತವೆ, ಪಕ್ಕದಲ್ಲೊಂದು ಅಂಕಿಗೂ ಜಾಗ ಉಳಿಯುತ್ತದೆ. ಹೆರಾಲ್ಡ್ ಎಂದು ಬರೆದರೆ 24, ಅದೂ ಹಿಡಿಸುತ್ತದೆ. ನೀಲಿಹಲ್ಲು ಎಂದು ಬರೆದರೆ 27. ಒಂದು ಬೈಟ್ ಹೆಚ್ಚಾಗಿ ಹೊರಗುಳಿಯುತ್ತದೆ.